ಗುಬ್ಬಿಯ ಮೇಲೆ ಗೂಬೆ

"ಊಟಕ್ಕೆ ಬಾ ಅಂತ ಮೂರು ಸಲ ಕರೆದಾಯ್ತು. ನಾಲ್ಕನೇ ಸಲ ಕರೆಯೋಳು ನಾನಲ್ಲ."

ಹಾಗೆಂದವಳು ನಾಲ್ಕನೇ ಸಲವೂ ಕರೆದಳು. ಊಟದ ಮೇಜಿನ ಪಕ್ಕದ ಮೂಲೆಯಲ್ಲಿ, ಕಂಪ್ಯೂಟರಿನ ಮುಂದೆ ಕುಳಿತಿದ್ದ ಮಗಳು "ಬಂದೆ" ಎಂದಳೇ ಹೊರತು ಏಳಲಿಲ್ಲ. ಟಿಣ್ ಎಂದು ಏನೋ ಬಂತು. ಓದಿಕೊಂಡು ಒಬ್ಬಳೇ ನಕ್ಕಳು. ತಾಯಿಯ ಮೈ ಉರಿಸುತ್ತಿದ್ದುದು ಆ ನಗುವೇ. ಹದಿನೈದರ ಹುಡುಗಿ ಮನೆಯವರೊಡನೆ ಹಾಗೆ ನಕ್ಕು ಎಷ್ಟು ಕಾಲವಾಗಿತ್ತೋ.

ತಾಯಿ ದೊಡ್ಡಾಸ್ಪತ್ರೆಯೊಂದರ ಟೆಲಿಫೋನ್ ಆಪರೇಟರ್. ಅಲ್ಲಿ ಎಲ್ಲರಿಗೂ ಆಪರೇಟರಮ್ಮ. ಅವಳ ಮುಖ ಕಂಡವರು ಕಡಿಮೆ, ದನಿ ಕೇಳದವರಿಲ್ಲ. ದಿನವಿಡೀ ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು, "ಒಂದು ನಿಮಿಷ, ಲೈನಲ್ಲೇ ಇರಿ, ಕೊಡ್ತೀನಿ" ಎನ್ನುವುದೇ ಕೆಲಸ. ಕೆಲಸ ಕಲಿಸಿದ ಹಿರಿಯಾಕೆ ಹೇಳಿಕೊಟ್ಟಿದ್ದು ಎರಡೇ ಮಾತು: ಯಾರ ಲೈನನ್ನೂ ಹೇಳದೆ ಕತ್ತರಿಸಬೇಡ, ಸಂಪರ್ಕ ಕೊಟ್ಟ ಮೇಲೆ ಕಿವಿಗೊಡಬೇಡ. ಎರಡನ್ನೂ ಅವಳು ಇಲ್ಲಿಯವರೆಗೆ ಮುರಿದವಳಲ್ಲ.

ಆ ವಾರ ಮಗಳ ಅಂಕಪಟ್ಟಿ ಬಂತು. ಗಣಿತದಲ್ಲಿ ಹೇಗೋ ದಡ ಸೇರಿದ್ದಳು. ಆಪರೇಟರಮ್ಮನಿಗೆ ಕಾರಣ ಹುಡುಕುವ ಕಷ್ಟವೇನೂ ಇರಲಿಲ್ಲ. ಕಂಪ್ಯೂಟರಿನಲ್ಲಿ ಮಗಳು ತನಗೆ 'ಗೂಬೆ' ಎಂದು ಹೆಸರಿಟ್ಟುಕೊಂಡಿದ್ದಳು, ನಿದ್ದೆಗೆಡುವವಳೆಂದು. ಅವಳ ಜೀವದ ಗೆಳತಿ, ಸಣ್ಣ ದನಿಯವಳು, 'ಗುಬ್ಬಿ'. ಸಂಜೆಯಾದರೆ ಇಬ್ಬರ ಚಿಲಿಪಿಲಿ ಶುರು.

"ಎಲ್ಲಾ ಆ ಗುಬ್ಬಿಯಿಂದಲೇ," ಎಂದಳು ಗಂಡನಿಗೆ.

ಗಂಡ ಸಿಟಿ ಬಸ್ಸಿನ ಡ್ರೈವರ್. ಅಂಕಪಟ್ಟಿಯನ್ನು ಮಡಚಿಟ್ಟು ಹೇಳಿದ: "ಪಾಪದ ಗುಬ್ಬಿ ಮೇಲೆ ಯಾಕೆ ಗೂಬೆ ಕೂರಿಸ್ತೀಯ? ಲೆಕ್ಕ ಬಾರದಿರೋದು ನನ್ನ ಕಡೆಯಿಂದ ಬಂದಿದ್ದು."

"ನಿಮಗೆಲ್ಲಾ ತಮಾಷೆ. ಆ ಮಾತಿನ ಪೆಟ್ಟಿಗೆ ಬಂದಾಗಿಂದ ಅವಳು ಪುಸ್ತಕ ಹಿಡಿದಿದ್ದು ನೋಡಿದೀರಾ? ನಾಳೆ ಫೇಲಾದ್ರೆ ಜನ ಕೇಳೋದು ನನ್ನ."

"ಬ್ರೇಕ್ ಹಾಕ್ಬೇಡ ಅನ್ನಲ್ಲ. ಕನ್ನಡಿ ನೋಡ್ಕೊಂಡು ಹಾಕು ಅಂತೀನಿ. ಹಿಂದೆ ಯಾರು ಬರ್ತಿರ್ತಾರೋ."

ಅದನ್ನೂ ಅವಳು ತಮಾಷೆಯೆಂದೇ ತಿಳಿದಳು.

ಭಾನುವಾರ ಮಧ್ಯಾಹ್ನ, ಅಪ್ಪ ಮಗಳು ಹೊರಗೆ ಹೋದಾಗ ಆಪರೇಟರಮ್ಮ ಕಂಪ್ಯೂಟರಿನ ಮುಂದೆ ಕುಳಿತಳು. ಹೇಗೆ ಮಾಡಬೇಕೆಂದು ಆಸ್ಪತ್ರೆಯ ಕಂಪ್ಯೂಟರ್ ವಿಭಾಗದವನನ್ನು ಕೇಳಿ ಬಂದಿದ್ದಳು. ಮಗಳ ಖಾತೆ ತೆರೆದೇ ಇತ್ತು. ಮಾತುಗಳನ್ನು ಓದಲಿಲ್ಲ, ಆ ಮಟ್ಟಿಗೆ ಕಸುಬಿನ ನಿಯಮ ಉಳಿಯಿತು. ಗುಬ್ಬಿಯೂ ಸೇರಿ ಒಂದೊಂದೇ ಹೆಸರನ್ನು ತಡೆಹಿಡಿದಳು. ಕೊನೆಗೆ ಪರದೆಯ ಮೇಲೆ ಒಂದು ಪ್ರಶ್ನೆ ಬಂತು: 'ಇವರಿಗೆ ತಿಳಿಸಬೇಕೆ?' ಕೆಳಗೆ ಹೌದು, ಇಲ್ಲ.

ಹೇಳದೆ ಕೇಳದೆ ಲೈನ್ ಕತ್ತರಿಸುವುದು ಸಭ್ಯತೆಯಲ್ಲ. ಅವಳು 'ಹೌದು' ಒತ್ತಿದಳು. ಏನೆಂದು ತಿಳಿಸುತ್ತದೆ, ಯಾರ ಹೆಸರಿನಲ್ಲಿ ತಿಳಿಸುತ್ತದೆ ಎಂದು ಕಂಪ್ಯೂಟರ್ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಆಮೇಲೆ ಇಡೀ ಮಾತುಕತೆಗೇ ಪಾಸ್‌ವರ್ಡಿನ ಬೀಗ ಜಡಿದು, ಕೈ ತೊಳೆದುಕೊಂಡು ಎದ್ದಳು.

ಸಂಜೆ ಮಗಳು ಬೀಗ ನೋಡಿ ಬೆಚ್ಚಿದಳು.

"ಪರೀಕ್ಷೆ ಮುಗಿಯೋವರೆಗೆ ಇಲ್ಲ," ಎಂದಳು ಆಪರೇಟರಮ್ಮ.

"ಇವತ್ತೊಂದು ದಿನ ಬಿಡಮ್ಮ. ಗುಬ್ಬಿ ಏನೋ ಹೇಳ್ಬೇಕು ಅಂದಿದ್ಲು."

"ನಾಳೆ ಶಾಲೇಲಿ ಹೇಳ್ತಾಳೆ."

"ಅದು ಶಾಲೇಲಿ ಹೇಳೋ ಮಾತಲ್ಲ."

"ಹಾಗಾದ್ರೆ ಹೇಳೋ ಮಾತೇ ಅಲ್ಲ ಬಿಡು."

ಮಗಳು ಜಗಳವಾಡಲಿಲ್ಲ. ಗುಬ್ಬಿಯ ಮನೆಗೆ ಫೋನ್ ಮಾಡಿದಳು. ಯಾರೋ ಎತ್ತಿದರು, ಇವಳ ದನಿ ಕೇಳಿ ಇಟ್ಟುಬಿಟ್ಟರು.

ಮರುದಿನದಿಂದ ಹುಡುಗಿಗೆ ಕೂತಲ್ಲಿ ಕೂರಲಾಗಲಿಲ್ಲ, ನಿಂತಲ್ಲಿ ನಿಲ್ಲಲಾಗಲಿಲ್ಲ. ಪುಸ್ತಕ ತೆರೆಯುವಳು, ಮುಚ್ಚುವಳು. ಕಿಟಕಿಗೆ ಹೋಗಿ ಬೀದಿ ನೋಡುವಳು. ಫೋನಿನ ಸುತ್ತ ಸುಳಿದು ಮತ್ತೆ ಕೋಣೆ ಸೇರುವಳು. ಕಂಪ್ಯೂಟರಿನ ಕಡೆಗೆ ಮಾತ್ರ ತಿರುಗಿಯೂ ನೋಡಲಿಲ್ಲ. ಗೆದ್ದೆ ಎಂದುಕೊಳ್ಳಬೇಕಾಗಿದ್ದ ಆಪರೇಟರಮ್ಮನಿಗೂ ಯಾಕೋ ಚಡಪಡಿಕೆ ಅಂಟಿಕೊಂಡಿತು. ಹೆರಿಗೆ ವಾರ್ಡ್ ಕೇಳಿದವರಿಗೆ ಹಲ್ಲಿನ ಡಾಕ್ಟರನ್ನು ಕೊಟ್ಟು ಬೈಸಿಕೊಂಡಳು.

ಒಂದು ಸಂಜೆ ತಾಯಿ ಬಟ್ಟೆ ಮಡಚುತ್ತಿದ್ದಾಗ ಮಗಳು ಬಂದು ಬಾಗಿಲಿಗೆ ಒರಗಿ ನಿಂತಳು.

"ಅಮ್ಮ, ಗುಬ್ಬಿ ಬೆಂಚು ಬದಲಾಯಿಸಿದಾಳೆ. ಯಾಕೆ ಅಂದ್ರೆ 'ನಿನಗೇ ಗೊತ್ತು' ಅಂತಾಳೆ. ಉಳಿದವರೂ ಮಾತಾಡ್ತಿಲ್ಲ. ನಾನು ಅವಳಿಗೆ ಏನು ಮಾಡಿರಬಹುದು?"

"ಏನೂ ಮಾಡಿರಲ್ಲ. ಓದ್ಕೊ ಹೋಗು," ಎಂದಳು ತಾಯಿ. ಮಡಚಿದ ಅಂಗಿಯನ್ನೇ ಬಿಚ್ಚಿ ಮತ್ತೆ ಮಡಚಿದಳು.

ಶನಿವಾರ ಮಗಳು ಗಣಿತದ ಪಾಠಕ್ಕೆ ಹೋಗಿದ್ದಾಗ ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಗುಬ್ಬಿ. ಕೈಯಲ್ಲಿ ಒಗೆದು ಮಡಚಿದ ನೀಲಿ ಸ್ವೆಟರು.

"ಇದು ಅವಳದು, ಆಂಟಿ. ಕೊಟ್ಟುಬಿಡಿ."

"ಒಳಗೆ ಬಾರೇ. ಇನ್ನೇನು ಬರ್ತಾಳೆ."

"ಬೇಡ. ಅವಳಿಗೆ ನನ್ನ ಜೊತೆ ಮಾತಾಡೋಕೆ ಇಷ್ಟ ಇಲ್ವಂತೆ." ಹುಡುಗಿ ಸ್ವೆಟರಿನ ತೋಳನ್ನು ನೇರ ಮಾಡುತ್ತಾ ಹೇಳಿದಳು. "ಭಾನುವಾರ ನಮ್ಮಪ್ಪ ಮನೆ ಬಿಟ್ಟು ಹೋದ್ರು. ಬ್ಯಾಗ್ ತಗೊಂಡು ಹೋಗೇಬಿಟ್ರು. ಅದನ್ನ ಅವಳಿಗೆ ಬರೆದೆ. ಅಲ್ಲಿಂದ ಬಂದಿದ್ದು ಒಂದೇ ಸಾಲು. 'ಗೂಬೆಗೆ ನಿಮ್ಮ ಜೊತೆ ಮಾತಾಡಲು ಇಷ್ಟವಿಲ್ಲ.' ನನ್ನೊಬ್ಬಳಿಗೇ ಅಲ್ಲ, ಎಲ್ಲರಿಗೂ ಹಾಗೇ ಕಳಿಸಿದಾಳೆ. ಬರ್ತೀನಿ, ಆಂಟಿ."

ಗುಬ್ಬಿ ಮೆಟ್ಟಿಲಿಳಿದು ತಿರುವಿನಲ್ಲಿ ಮರೆಯಾದಳು. ಆ 'ಹೌದು' ಒತ್ತಿದ್ದು ತನ್ನದೇ ಬೆರಳು ಎಂದು ಆಪರೇಟರಮ್ಮನಿಗೆ ಕ್ಷಣಮಾತ್ರದಲ್ಲಿ ಅರ್ಥವಾಗಿತ್ತು. ಹೇಳಲು ಧೈರ್ಯವಾಗಲಿಲ್ಲ, ಅಷ್ಟೇ. ಸ್ವೆಟರನ್ನು ಮೇಜಿನ ಮೇಲಿಟ್ಟಳು, ಕುರ್ಚಿಯ ಮೇಲಿಟ್ಟಳು, ಕಪಾಟಿನಲ್ಲಿ ಬಚ್ಚಿಡಲೂ ಹೋದಳು. ನಾಚಿಕೆಯಾಗಿ ಹೊರತೆಗೆದಳು.

ಮಗಳು ಬಂದು ಚಪ್ಪಲಿ ಬಿಡುವಾಗಲೇ ಕಂಡಳು. "ಗುಬ್ಬಿ ಬಂದಿದ್ಲಾ?"

"ಕೂತ್ಕೊ," ಎಂದು ಆಪರೇಟರಮ್ಮ ಇದ್ದದ್ದನ್ನು ಇದ್ದಂತೆ ಹೇಳಿದಳು. ಹೆಸರುಗಳನ್ನು ತಡೆದದ್ದು, ಪ್ರಶ್ನೆ ಬಂದದ್ದು, ಹೌದು ಒತ್ತಿದ್ದು, ಗುಬ್ಬಿ ಬಾಗಿಲಲ್ಲಿ ನಿಂತು ಹೇಳಿಹೋದದ್ದು. ಒಳ್ಳೆಯದಕ್ಕೇ ಮಾಡಿದೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡಳು.

ಮಗಳು ಸ್ವೆಟರನ್ನು ಎತ್ತಿ ಮಡಿಲಲ್ಲಿಟ್ಟುಕೊಂಡಳು.

"ಅವಳಪ್ಪ ಹೋದ ದಿನಾನೇ," ಎಂದಳು. "ನನ್ನ ಹೆಸರಲ್ಲಿ." ಸ್ವಲ್ಪ ತಡೆದು, "ನಾನು ಜಾಸ್ತಿ ಕೂರ್ತಿದ್ದೆ, ಒಪ್ಕೋತೀನಿ. ನಂಗೆ ಬಯ್ಯಬೇಕಿತ್ತಮ್ಮ. ನನ್ನ ಬಾಯಾಗಿ ನೀನ್ಯಾಕೆ ಮಾತಾಡಿದೆ?"

ತಾಯಿ ಫೋನನ್ನು ಹತ್ತಿರಕ್ಕೆ ಎಳೆದುಕೊಂಡಳು. "ಬೀಗದ ಮಾತು ಆಮೇಲೆ ಮೂವರೂ ಕೂತು ಆಡೋಣ. ಅವರ ಮನೆ ನಂಬರ್ ಹೇಳು."

ಗುಬ್ಬಿಯ ತಾಯಿ ಫೋನ್ ಎತ್ತಿದರು. ದನಿ ಸೋತಿತ್ತು. "ಅವಳು ಯಾರ ಜೊತೇನೂ ಮಾತಾಡಲ್ಲ ಅಂತಾಳೆ, ಕ್ಷಮಿಸಿ."

"ಮಾತಾಡೋದು ಬೇಡಮ್ಮ, ಕೇಳಿಸಿಕೊಂಡ್ರೆ ಸಾಕು."

ಅತ್ತ ಕಡೆ ಕೈ ಬದಲಾಯಿತು. ಉಸಿರು ಮಾತ್ರ ಕೇಳುತ್ತಿತ್ತು. ದಿನಕ್ಕೆ ನೂರಾರು ಮಂದಿಯೊಡನೆ ತಡವರಿಸದೆ ಮಾತಾಡುವ ಆಪರೇಟರಮ್ಮ ತಡವರಿಸುತ್ತಲೇ ಶುರುಮಾಡಿದಳು.

"ನಾನು ಕಣಮ್ಮ, ಆಂಟಿ. ಆ ಸಾಲು ಕಳಿಸಿದ್ದು ನನ್ನ ಮಗಳಲ್ಲ. ನಾನು. ನೀನು ಬರೆದಿದ್ದು ಅವಳಿಗೆ ತಲುಪಲೇ ಇಲ್ಲ. ಇವತ್ತು ನೀನು ಬಾಗಿಲಿಗೆ ಬಂದಾಗಲೇ ಹೇಳ್ಬೇಕಿತ್ತು, ಹೇಳಲಿಲ್ಲ. ಅದೂ ನನ್ನ ತಪ್ಪೇ."

ಗುಬ್ಬಿ ಫೋನ್ ಇಡಲಿಲ್ಲ.

"ಒಂದು ನಿಮಿಷ, ಲೈನಲ್ಲೇ ಇರು," ಎಂದಳು ಆಪರೇಟರಮ್ಮ. "ಕೊಡ್ತೀನಿ."

ರಿಸೀವರನ್ನು ಮಗಳ ಕೈಗಿಟ್ಟು ಅಡುಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಗಿಲಾಚೆಯಿಂದ ಏನೋ ಸಣ್ಣಗೆ ಕೇಳಿಸಿತು, ಅಳುವೋ ಮಾತೋ. ಅವಳು ನಲ್ಲಿಯನ್ನು ಪೂರ್ತಿ ತಿರುಗಿಸಿ, ತೊಳೆದಿಟ್ಟಿದ್ದ ತಟ್ಟೆಗಳನ್ನೇ ಮತ್ತೆ ತೊಳೆಯತೊಡಗಿದಳು.