ಸಿಪ್ಪೆಯ ಟಿಕೆಟ್ಟು

ತಂಗಿ ಮತ್ತೊಂದು ಸಲ ಬಿಸಿನೀರು ತರಿಸಿ, ಹಲ್ಲುಜ್ಜುವ ಹಳೆಯ ಬ್ರಷ್ಷನ್ನು ಅದ್ದಿ, ಅಕ್ಕನ ಉಗುರುಗಳನ್ನು ತಿಕ್ಕತೊಡಗಿದಳು. ಮುಖ ಒರೆಸಿಯಾಗಿತ್ತು, ತಲೆ ಬಾಚಿಯಾಗಿತ್ತು. ಉಗುರುಸಂದಿಯ ಮಣ್ಣು ಮಾತ್ರ ಜಪ್ಪಯ್ಯ ಅಂದರೂ ಕದಲಲಿಲ್ಲ.

"ಬಿಟ್ಬಿಡಿ," ಎಂದಳು ನರ್ಸಮ್ಮ. ಆಸ್ಪತ್ರೆಯಿಂದ ನಿವೃತ್ತಳಾದ ಮೇಲೆ ಅಕ್ಕನ ತೋಟದಲ್ಲಿ ಬದನೆ ಸಾಲು ನೋಡಿಕೊಳ್ಳುತ್ತಿದ್ದವಳು. "ಬದುಕಿದ್ದಾಗ್ಲೇ ಹೋಗಿಲ್ಲ, ಈಗ ಹೋಗುತ್ತಾ?"

"ಮಣ್ಣು ಮೆತ್ಕೊಂಡೇ ಕಳಿಸ್ಲಾ?"

"ಹೋಗ್ತಿರೋದು ಎಲ್ಲಿಗೆ ಮತ್ತೆ?"

ತಂಗಿಗೆ ನಗು ಬರಲಿಲ್ಲ. ಆ ತೋಟದ ಹೆಸರೆತ್ತಿದರೆ ಅವಳ ಮೈಯೆಲ್ಲ ಉರಿಯುತ್ತಿತ್ತು. ಅಕ್ಕ ಕುಸಿದುಬಿದ್ದದ್ದೂ ಅಲ್ಲೇ, ಗೊಬ್ಬರದ ರಾಶಿಯ ಪಕ್ಕದಲ್ಲಿ, ಕೈಯಲ್ಲಿ ಸಲಿಕೆ ಹಿಡಿದೇ. ತೋಟದ ಗೇಟಿನ ಬೀಗದ ಕೈ ಇನ್ನೂ ಅವಳ ಕೊರಳಲ್ಲೇ, ಸೆಣಬಿನ ದಾರದಲ್ಲಿ ನೇತಾಡುತ್ತಿತ್ತು.

ಅದನ್ನು ಕೇಳಿಕೊಂಡೇ ಬಂದಿದ್ದರು ತೋಟದ ಸಂಘದ ಅಧ್ಯಕ್ಷರು. ಕರಿ ಕೋಟು ತೊಟ್ಟು ಬಾಗಿಲಲ್ಲೇ ನಿಂತು, "ಇದು ಹೇಳೋ ಹೊತ್ತಲ್ಲ," ಎಂದು ಶುರುಮಾಡಿ ಹೇಳಿಯೇಬಿಟ್ಟರು. "ಜಾಗ ಪುರಸಭೇದು. ಜವಾಬ್ದಾರಿ ಹೊತ್ತು ದಿನಾ ನಿಂತು ಮಾಡ್ಸೋರು ಒಬ್ರು ಇರೋವರೆಗೆ ಮಾತ್ರ ನಮಗೆ ಅಂತ ಒಪ್ಪಂದ. ಈಗ ಯಾರಿದ್ದಾರೆ? ನನಗಂತೂ ಮಂಡಿನೋವು. ಇವತ್ತೇ ಬೀಗ ಹಾಕಿ ಒಪ್ಪಿಸಿಬಿಟ್ರೆ ಮರ್ಯಾದೆಯಾಗಿ ಮುಗಿಯುತ್ತೆ. ಕಾರು ನಿಲ್ಸೋ ಜಾಗ ಮಾಡ್ತಾರಂತೆ."

"ಹೆಣ ಇನ್ನೂ ಮನೇಲೇ ಇದೆ ಸಾರ್," ಎಂದಳು ನರ್ಸಮ್ಮ.

ತಂಗಿ ದಾರ ಬಿಚ್ಚಿ ಬೀಗದ ಕೈಯನ್ನು ತನ್ನ ಚೀಲಕ್ಕೆ ಹಾಕಿಕೊಂಡಳು. "ಮಣ್ಣು ಮುಗೀಲಿ. ನಾನೇ ತಂದುಕೊಡ್ತೀನಿ. ನಮ್ಮಕ್ಕನ್ನ ತಿಂದ ತೋಟ, ಹಾಳಾಗಿ ಹೋಗ್ಲಿ."

ನರ್ಸಮ್ಮ ನೀರಿನ ಬೋಗುಣಿ ಎತ್ತಿಕೊಂಡು ಹೊರಗೆ ಹೋದಳು.

*

ಅಕ್ಕ ಬಸ್ ಕಂಡಕ್ಟರ್ ಆಗಿದ್ದವಳು. ನಿವೃತ್ತಿಯ ಹಾರದ ಹೂವು ಬಾಡುವ ಮೊದಲೇ ಡಿಪೋ ಹಿಂದಿನ ಪಾಳುಜಾಗಕ್ಕೆ ನುಗ್ಗಿದಳು. ಅಲ್ಲಿ ಇದ್ದದ್ದು ಒಡೆದ ಇಟ್ಟಿಗೆ, ಗಾಜಿನ ಚೂರು, ಸವೆದ ಟೈರು. ಮರಳು ಹಿಂಡಿ ಎಣ್ಣೆ ತೆಗೆಯಲು ಹೊರಟಿದ್ದಾಳೆ ಎಂದು ಊರು ನಕ್ಕಿತು. "ಮಣ್ಣಿಲ್ಲ ತಾನೇ? ಸರಿ, ಮಣ್ಣನ್ನೇ ಮಾಡೋಣ," ಎಂದು ಅವಳು ಮನೆಮನೆಯ ಸಿಪ್ಪೆ ಕೇಳಿದಳು.

ಹಾಗೆ ಹುಟ್ಟಿದ್ದು ಗೇಟಿನ ಕಾನೂನು. ಯಾರೇ ಬರಲಿ, ಕೈ ಚಾಚಿ "ಟಿಕೆಟ್?" ಎನ್ನುವಳು. ಒಂದು ಬಕೆಟ್ ಅಡುಗೆಮನೆಯ ಸಿಪ್ಪೆ ಕೊಟ್ಟರೆ ಒಂದು ಬುಟ್ಟಿ ತರಕಾರಿ. ನೋಟು ತೋರಿಸಿದವರಿಗೆ "ಚಿಲ್ಲರೆ ಇಲ್ಲ, ಇಳೀರಿ!" ವಿಷದ ಔಷಧಿಯಾಗಲಿ ಅಂಗಡಿ ಗೊಬ್ಬರವಾಗಲಿ ಆ ಗೇಟು ದಾಟಿದ್ದಿಲ್ಲ. ಒಂಟಿ ಮುದುಕನೊಬ್ಬ ತರುತ್ತಿದ್ದ ಒಂದು ಹಿಡಿ ಈರುಳ್ಳಿ ಸಿಪ್ಪೆಗೆ ಬುಟ್ಟಿ ತುಂಬ ಸೊಪ್ಪು ಕೊಡುತ್ತಿದ್ದಳು. ಅದ್ಯಾವ ಲೆಕ್ಕ ಎಂದವರಿಗೆ, "ಹಿರಿಯರಿಗೆ ರಿಯಾಯಿತಿ" ಎಂದು ಬಾಯಿ ಮುಚ್ಚಿಸಿದ್ದಳು.

ಅವಳಿಗೆ ಕಂಡರಾಗದ್ದು ಹಣ್ಣಿನ ಮೇಲೆ ಅಂಟಿಸುವ ಪುಟ್ಟ ಪ್ಲಾಸ್ಟಿಕ್ ಸ್ಟಿಕ್ಕರ್. ಎಲ್ಲ ಕೊಳೆತು ಮಣ್ಣಾದರೂ ಅದು ಮಾತ್ರ ಹಾಗೇ ಉಳಿಯುತ್ತದೆ. ಬಕೆಟ್ಟಿನಲ್ಲಿ ಒಂದು ಸಿಕ್ಕರೂ ಸಾಕು, ತಂದವರ ಎದೆಗೇ ಅಂಟಿಸುವಳು. ಮನೆ ಮುಟ್ಟುವವರೆಗೆ ಕೀಳುವಂತಿಲ್ಲ.

*

ಪೆಟ್ಟಿಗೆಯನ್ನು ಗುಂಡಿಗೆ ಇಳಿಸುವಾಗ ಹಗ್ಗ ಹಿಡಿದಿದ್ದ, ದಿನಾ ತೋಟಕ್ಕೆ ಬರುತ್ತಿದ್ದ ಬೇಕರಿಯವನ ಬಾಯಿಂದ "ರೈಟ್... ರೈಟ್..." ಎಂದು ಬಂದುಬಿಟ್ಟಿತು. ಗಕ್ಕನೆ ನಾಲಿಗೆ ಕಚ್ಚಿಕೊಂಡ. ಯಾರೋ ಕಿಸಕ್ಕನೆ ನಕ್ಕರು. ಅದರ ಬೆನ್ನಿಗೇ, ಅಲ್ಲಿಯವರೆಗೆ ತಡೆದುಕೊಂಡಿದ್ದವರೆಲ್ಲ ಅತ್ತರು.

ಆಮೇಲೆ ಹಿಡಿಮಣ್ಣು ಹಾಕುವ ಸರದಿ. ತೋಟದವರು ಒಬ್ಬೊಬ್ಬರಾಗಿ ಬಗ್ಗಿ ಮಣ್ಣು ತೆಗೆದುಕೊಂಡರು, ಹಾಕಲಿಲ್ಲ. ಬೆರಳಲ್ಲಿ ಹಿಸುಕಿದರು, ಮೂಸಿದರು, ಮುಖ ಸಿಂಡರಿಸಿದರು. ಸಾಲು ನಿಂತೇಬಿಟ್ಟಿತು.

"ಬೇಗ ಹಾಕ್ರಪ್ಪ," ಎಂದರು ಅಧ್ಯಕ್ಷರು.

"ಏನಂತ ಹಾಕ್ಲಿ ಸಾರ್?" ಬೇಕರಿಯವನು ಹೆಂಟೆಯನ್ನು ಅವರ ಮೂಗಿನ ಹತ್ತಿರ ಹಿಡಿದ. "ಸತ್ತ ಮಣ್ಣು ಇದು. ಒಂದು ಎರೆಹುಳ ಇಲ್ಲ."

"ಸ್ಮಶಾನದ ಮಣ್ಣಲ್ಲಿ ಇನ್ನೇನಯ್ಯ ಇರುತ್ತೆ?"

"ಇದನ್ನ ಮೇಲೆ ಸುರಿದ್ರೆ ಕಂಡಕ್ಟರಮ್ಮ ಎದ್ದುಬಂದು ಬೈತಾರೆ," ಎಂದಳು ನರ್ಸಮ್ಮ. ತಂಗಿಯ ಮುಂದೆ ಬಂದು ಕೈ ಚಾಚಿದಳು. "ಬೀಗದ ಕೈ ಕೊಡಿ. ಅವರ ಮಣ್ಣು ಅವರಿಗೆ ತರ್ತೀವಿ."

"ತಮಾಷೆನಾ ಇದು? ಹೆಣ ಕಾಯಿಸ್ಕೊಂಡು..." ಎಂದರು ಅಧ್ಯಕ್ಷರು.

ತಂಗಿ ಚೀಲ ಬಿಗಿಯಾಗಿ ಹಿಡಿದು ನಿಂತಳು. ಗುಂಡಿಯೊಳಗೆ ನೋಡಿದಳು. ಮಣ್ಣು ನಿಜಕ್ಕೂ ಬಿಳಿಚಿಕೊಂಡು ಕಲ್ಲಿನ ಹಾಗಿತ್ತು.

"ಕಾಯ್ಲಿ ಬಿಡಿ. ಜೀವಮಾನವೆಲ್ಲ ಜನ ಅವಳ ಬಸ್ಸಿಗೆ ಕಾದಿದ್ದಾರೆ," ಎಂದಳು. "ನಾನೇ ಹೋಗ್ತೀನಿ."

*

ಆ ಗೇಟಿಗೆ ಅವಳು ಹಿಂದೆ ಬಂದದ್ದು ಒಂದೇ ಸಲ. ಒಳ್ಳೆಯ ಬಟ್ಟೆ ಉಟ್ಟು, ಬಕೆಟ್ ತುಂಬ ಸಿಪ್ಪೆ ತಂದಿದ್ದಳು. ಅಕ್ಕ ಕೈಯಾಡಿಸಿ ಕಿತ್ತಳೆ ಸಿಪ್ಪೆಯಿಂದ ಸ್ಟಿಕ್ಕರ್ ಕಿತ್ತು, ಸಾಲಿನಲ್ಲಿದ್ದವರೆಲ್ಲ ನೋಡುತ್ತಿರುವಾಗಲೇ ಅವಳ ಎದೆಗೆ ಅಂಟಿಸಿದ್ದಳು.

"ಒಡಹುಟ್ಟಿದವಳು ಕಣೇ ನಾನು!"

"ಅದಕ್ಕೇ ಅಂಟಿಸಿದ್ದು. ನಿನ್ನ ಬಿಟ್ರೆ ನಾಳೆ ಊರೆಲ್ಲ ನನ್ನ ತಂಗೀರಾಗ್ತಾರೆ."

ತಂಗಿ ಬಕೆಟ್ಟನ್ನು ಅಲ್ಲೇ ಬಿಟ್ಟು ಹೋದಳು. ಮತ್ತೆ ಬರಲಿಲ್ಲ. ಅಕ್ಕನೂ ಕರೆಯಲಿಲ್ಲ. ಇಬ್ಬರದೂ ಒಂದೇ ಹಟ, ಒಂದೇ ಹೊಟ್ಟೆಯದು.

*

ಗೊಬ್ಬರದ ರಾಶಿಯಲ್ಲಿ ಅಕ್ಕನ ಸಲಿಕೆಯನ್ನು ಯಾರೋ ನೆಟ್ಟಿದ್ದರು. ತಂಗಿ ರಾಶಿಯ ಮೇಲೆ ಕೈಯಿಟ್ಟು ಬೆಚ್ಚಿದಳು. ಬೆಳಗ್ಗೆಯೆಲ್ಲ ಅಕ್ಕನ ತಣ್ಣನೆಯ ಕೈ ಹಿಡಿದು ಕೂತಿದ್ದವಳು ಅವಳು.

"ಬಿಸಿ ಇದೆ!"

"ಒಳಗೆ ಕೊಳೆಯೋ ಕೆಲಸ ನಡೀತಿದೆಯಲ್ಲಮ್ಮ," ಎಂದ ಗೋಣಿಚೀಲ ಹಿಡಿದು ಹಿಂದೆಯೇ ಬಂದಿದ್ದ ಬೇಕರಿಯವನು. "ಇದಿನ್ನೂ ಆಗ್ಬೇಕು. ಆಗಿರೋದು ಆ ಕಡೇದು."

"ಹೀಗೇ ಬಿಟ್ರೆ?"

"ತಿರುವಿ ಹಾಕೋರಿಲ್ದಿದ್ರೆ ತಣ್ಣಗಾಗುತ್ತೆ."

ತಂಗಿ ಬಹಳ ಹೊತ್ತು ಕೈ ತೆಗೆಯಲಿಲ್ಲ. ಅಕ್ಕನ ಮೇಲೆ ಇಷ್ಟು ವರ್ಷ ಇದ್ದ ಸಿಟ್ಟು ಈಗಲೂ ಇತ್ತು. ಆದರೆ ಅಕ್ಕ ಬಿಟ್ಟುಹೋದದ್ದರಲ್ಲಿ ಇನ್ನೂ ಬಿಸಿಯಿರುವುದು ಇದೊಂದೇ ಎಂದು ತಿಳಿದಾಗ ಅವಳು ಬಾಯಿಬಿಟ್ಟು ಅತ್ತಳು. ಅತ್ತು ಮುಗಿಸಿ ಸಲಿಕೆ ಕಿತ್ತುಕೊಂಡು, ಮಾಗಿದ ಗೊಬ್ಬರವನ್ನು ತಾನೇ ಗೋಣಿಚೀಲಕ್ಕೆ ತುಂಬಿದಳು. ಆ ಕಪ್ಪು ಮಣ್ಣಿನಡಿಯಲ್ಲೇ ಅಕ್ಕ ಮಲಗಿದಳು.

ಸಂಜೆ ಅಧ್ಯಕ್ಷರು ಪುರಸಭೆಯ ಹೊಸ ಬೀಗ ಹಿಡಿದು ತೋಟಕ್ಕೆ ಬಂದಾಗ ಗೇಟು ತೆರೆದೇ ಇತ್ತು. ಅದು ತರಕಾರಿ ಹಂಚುವ ದಿನ. ಸ್ಮಶಾನದಿಂದ ಮನೆಗೆ ಹೋದವರು ಬಟ್ಟೆ ಕೂಡ ಬದಲಿಸದೆ ಬಕೆಟ್ ಹಿಡಿದು ಬಂದಿದ್ದರು. ಕರಿಬಟ್ಟೆಗಳ ಸಾಲು ಬೀದಿ ತಿರುವಿನವರೆಗೂ ಇತ್ತು. ಗೇಟಿನಲ್ಲಿ ತಂಗಿ ನಿಂತಿದ್ದಳು. ಸೆಣಬಿನ ದಾರ ಅವಳ ಕೊರಳಲ್ಲಿತ್ತು.

"ಬೀಗದ ಕೈ ಕೊಡ್ತೀನಿ ಅಂದಿದ್ರಿ," ಎಂದರು ಅಧ್ಯಕ್ಷರು.

"ಅಂದಿದ್ದೆ. ಕೊಡಲ್ಲ. ಜವಾಬ್ದಾರಿಗೆ ಒಬ್ರು ಬೇಕು ಅಂದ್ರಲ್ಲ, ನಾನಿದ್ದೀನಿ. ಪುರಸಭೆಗೆ ಹೋಗಿ ಹೇಳಿ."

"ನಿಮಗೆ ಬದನೆಗಿಡಕ್ಕೂ ಟೊಮೇಟೊ ಗಿಡಕ್ಕೂ ವ್ಯತ್ಯಾಸ ಗೊತ್ತೇನ್ರೀ?"

"ಗೊತ್ತಿಲ್ಲ. ಬೈದು ಕಲಿಸೋಕೆ ನರ್ಸಮ್ಮ ಇದ್ದಾರೆ." ಅವಳು ಕೈ ಚಾಚಿದಳು. "ಟಿಕೆಟ್?"

"ನಾನು ಅಧ್ಯಕ್ಷ!"

"ಪಾಸ್ ನಡೆಯಲ್ಲ."

ಸಾಲಿನಲ್ಲಿ ನಗೆ ಎದ್ದಿತು. ಅಲ್ಲೇ ನಿಂತಿದ್ದ ಅಧ್ಯಕ್ಷರ ಹೆಂಡತಿ ಮುಂದೆ ಬಂದು ತನ್ನ ಬಕೆಟ್ಟನ್ನು ಗಂಡನ ಕೈಗೆ ತುರುಕಿದಳು. "ತಗೊಳ್ಳಿ, ನಮ್ಮನೇದೇ. ಮಾನ ಕಳೀಬೇಡಿ, ಸುಮ್ನೆ ಕೊಡಿ."

ತಂಗಿ ತೋಳು ಮೇಲಕ್ಕೇರಿಸಿ ಬಕೆಟ್ಟಿನೊಳಗೆ ಮೊಣಕೈವರೆಗೆ ಕೈ ಹಾಕಿದಳು. ಕಲಸಿದಳು, ತಡಕಿದಳು. ಬಾಳೆಹಣ್ಣಿನ ಸಿಪ್ಪೆಯೊಂದನ್ನು ಎತ್ತಿ ಬೆಳಕಿಗೆ ಹಿಡಿದಳು. ಸಾಲು ಉಸಿರು ಬಿಗಿಹಿಡಿಯಿತು. ಅವಳು ಉಗುರಿನಿಂದ ಮೆಲ್ಲಗೆ ಸ್ಟಿಕ್ಕರ್ ಎಬ್ಬಿಸಿ, ಅಧ್ಯಕ್ಷರ ಕರಿ ಕೋಟಿನ ಎದೆಗೆ ಒತ್ತಿ ಅಂಟಿಸಿ, ಮೇಲೊಂದು ಏಟು ತಟ್ಟಿದಳು.

"ಮುಂದೆ ನಡೀರಿ," ಎಂದು ಕೂಗಿದಳು, "ಒಳಗೆ ಜಾಗ ಇದೆ, ಮುಂದೆ ನಡೀರಿ!"