ಕೈಬಿಟ್ಟ ಕಥೆ

ಕೇಳಬೇಕಾದದ್ದನ್ನು ಕೇಳಿ ಫಕೀರಪ್ಪ ಕುಳಿತರು. ಪುಣೆಯ ಪಕ್ಕದ ಭೋಸರಿಯ ಆ ಬಾಡಿಗೆ ಕೋಣೆಯಲ್ಲಿ ಭಾನುವಾರದ ಆರಾಧನೆಗೆ ಸೇರಿದ್ದ ಕನ್ನಡದವರೆಲ್ಲ ಉಪದೇಶಿ ಸತ್ಯಮಿತ್ರರ ಮುಖ ನೋಡತೊಡಗಿದರು. ಎಪ್ಪತ್ತೆಂಟರ ಬೇಸಿಗೆ. ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ನೆಟ್ಟಗೆ ಅಲ್ಲಿಗೇ ಬಂದಿದ್ದ ಸತ್ಯಮಿತ್ರರಿಗೆ ನಿಂತಲ್ಲೇ ಕಣ್ಣೆಳೆಯುತ್ತಿತ್ತು.

ಎಲ್ಲ ಕಲ್ಲವ್ವನಿಂದ ಹುಟ್ಟಿದ ತಕರಾರು. ಬಾಲ ಯೇಸು ಕೆಸರಿನಲ್ಲಿ ಗುಬ್ಬಿ ಮಾಡಿ ಚಪ್ಪಾಳೆ ತಟ್ಟಿದ, ಅವು ಹಾರಿಹೋದವು ಎಂದು ಅವಳು ಸಭೆಯ ಮಕ್ಕಳಿಗೆ ಕಥೆ ಹೇಳುತ್ತಿದ್ದಳು. ಸತ್ಯವೇದದಲ್ಲಿ ಅದು ಎಲ್ಲಿದೆ ತೋರಿಸಲಿ, ಇಲ್ಲವೇ ನಿಲ್ಲಿಸಲಿ ಎಂಬುದು ಸಭೆಯ ಹಿರಿಯರಾದ ಫಕೀರಪ್ಪನವರ ಪಟ್ಟು.

ಸತ್ಯಮಿತ್ರರು ತಿಳಿದಷ್ಟು ಹೇಳಿದರು. ಯೇಸುವಿನ ನಂತರದ ಮೊದಲ ಕಾಲದಲ್ಲಿ ಒಂದೊಂದು ಊರಿನ ಸಭೆ ಒಂದೊಂದು ಬರಹ ಇಟ್ಟುಕೊಂಡು ಓದುತ್ತಿತ್ತು. ಈಗ ಸತ್ಯವೇದದಲ್ಲಿರುವ ಕೆಲವು ಪತ್ರಗಳನ್ನು ಆಗ ಎಷ್ಟೋ ಜನ ನಂಬುತ್ತಿರಲಿಲ್ಲ. ಭಕ್ತಿಯಿಂದ ಓದುತ್ತಿದ್ದ ಕೆಲವು ಹೊರಗುಳಿದವು. ಇದು ಯೇಸುವಿನ ಶಿಷ್ಯರಾದ ಅಪೊಸ್ತಲರಿಂದ ಬಂದದ್ದೇ, ಎಲ್ಲ ಕಡೆ ಓದುತ್ತಾರೆಯೇ ಎಂದು ನೋಡುತ್ತ, ಜಗಳಾಡುತ್ತ, ಒಪ್ಪಿಕೊಳ್ಳಲು ಮುನ್ನೂರು ವರ್ಷಕ್ಕೂ ಮಿಕ್ಕಿ ಹಿಡಿಯಿತು. ಗುಬ್ಬಿಯ ಕಥೆಯೂ ಹಳೆಯದೇ. ಆದರೆ ಒಳಗೆ ಬರಲಿಲ್ಲ.

ಇಷ್ಟಕ್ಕೆ ಮುಗಿದರೆ ಸಾಕೆನಿಸಿತ್ತು ಅವರಿಗೆ. ಫಕೀರಪ್ಪ ಬಿಡಲಿಲ್ಲ. ವಾದಿಸುವ ತ್ರಾಣವಿಲ್ಲದೆ ಸತ್ಯಮಿತ್ರರು, ಹಾಗಾದರೆ ಇಲ್ಲಿ ಆ ಕಥೆ ಬೇಡ ಎಂದುಬಿಟ್ಟರು.

ಕಲ್ಲವ್ವ ಎದ್ದು ನಿಂತಳು. ಅವಳ ಒಬ್ಬನೇ ಮಗ, ಪುಟ್ಟ ಬಾಳು, ಜ್ವರದಲ್ಲಿ ಆ ಕಥೆ ಕೇಳುತ್ತಲೇ ಕಣ್ಣು ಮುಚ್ಚಿದ್ದನ್ನು ಅಲ್ಲಿದ್ದವರೆಲ್ಲ ಬಲ್ಲರು.

"ಒಂದ್ ಮಾತ್ ಕೇಳ್ತೀನ್ರಿ, ಉಪದೇಶಿಯವ್ರ. ಆ ಕಾಲದಾಗ ಬ್ಯಾಡಂತ ಅದನ್ನ ಬಿಟ್ರಲ್ರಿ, ಅವತ್ತ ಯಾರರ ಅತ್ತಿದ್ರೇನ್ರಿ?"

ಸತ್ಯಮಿತ್ರರು ಸತ್ಯವೇದವನ್ನು ಮುಚ್ಚಿಟ್ಟರು.

"ಗೊತ್ತಿಲ್ಲ ಯವ್ವಾ. ಅದನ್ನ ಯಾರೂ ಬರದಿಟ್ಟಿಲ್ಲ."

ಅವಳು ತಲೆಯಾಡಿಸಿ ಕುಳಿತಳು. ಪ್ರಾರ್ಥನೆಗೆ ಎಲ್ಲರೊಡನೆ ಆಮೆನ್ ಅಂದಳು. ಮಕ್ಕಳು ಬಂದು ಸುತ್ತುವರಿದಾಗ, ಇವತ್ತು ಗಂಟಲು ಸರಿಯಿಲ್ಲ ಎಂದು ಹೊರಟಳು.

ಬೀಗ ಹಾಕಿ ಸತ್ಯಮಿತ್ರರು ರಸ್ತೆಗೆ ಬಂದಾಗ ಅವಳು ಬಸ್‌ಸ್ಟಾಪಿನಲ್ಲಿ ಒಂದು ಕಲ್ಲಿನ ಮೇಲೆ ಕುಳಿತಿದ್ದಳು. ಏನಾದರೂ ಹೇಳಲೇಬೇಕೆನಿಸಿತು.

"ಮನ್ಯಾಗ ಹೇಳಾಕ ಏನೂ ಅಡ್ಡಿ ಇಲ್ರಿ," ಎಂದರು.

"ಮನ್ಯಾಗ ಯಾರದಾರ್ರಿ," ಎಂದಳು ಕಲ್ಲವ್ವ. ದನಿಯಲ್ಲಿ ಸಿಟ್ಟಿರಲಿಲ್ಲ.

ತುಂಬಿಕೊಂಡು ಬಂದ ಬಸ್ಸು ನಿಲ್ಲದೆ ಧೂಳೆಬ್ಬಿಸಿ ಹೋಯಿತು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಕಲ್ಲಿನ ಮೇಲೆ ತುಸು ಸರಿದಳು. ಸತ್ಯಮಿತ್ರರು ಪಕ್ಕದಲ್ಲಿ ಕುಳಿತರು.