ಮುಂದಿನ ಶಾಲೆಯವರಿಗೊಂದು ಚೀಟಿ

"ಅಮ್ಮಾ, ಆ ಮೇಷ್ಟ್ರು ಶಾಲೆಗೆ ಯಾವಾಗ ಹೋಗ್ತಾರೆ?" ಎಂದು ನನ್ನ ಮಗಳು ಕೇಳಿದ್ದು ಒಂದು ಮಂಗಳವಾರ ಬೆಳಿಗ್ಗೆ ಹತ್ತೂವರೆಗೆ, ಜ್ವರವೆಂದು ಅವಳನ್ನು ಮನೆಯಲ್ಲೇ ಉಳಿಸಿಕೊಂಡಿದ್ದ ದಿನ. ಗೇಟಿನಾಚೆ ಹನುಮಂತಯ್ಯ ಮೇಷ್ಟ್ರು ನಿಂತಿದ್ದರು. ಪೀಣ್ಯದ ಕಾರ್ಖಾನೆಗಳ ಬೆನ್ನಿಗೆ ಅಂಟಿಕೊಂಡಂತಿರುವ ನಮ್ಮ ಬಡಾವಣೆಯ ಸರ್ಕಾರಿ ಪ್ರಾಥಮಿಕ ಶಾಲೆಯಲ್ಲಿ ಹತ್ತೊಂಬತ್ತು ವರ್ಷದಿಂದ ಪಾಠ ಹೇಳುತ್ತಿರುವ ಈ ಮನುಷ್ಯನನ್ನು ನಾನು ಕಂಡಿದ್ದೆಲ್ಲ ಬೀದಿಯಲ್ಲೇ. ಒಂದು ವರ್ಷ ಮತದಾರರ ಪಟ್ಟಿ ಹಿಡಿದು, ಇನ್ನೊಂದು ವರ್ಷ ಯಾವುದೋ ಗಣತಿ, ಈಗ ಮನೆಮನೆ ಸಮೀಕ್ಷೆ. ಹಾಗೆ ನೋಡಿದರೆ ಅವರ ಶಾಲೆಯೊಳಕ್ಕೆ ನಾನೂ ಒಮ್ಮೆಯೂ ಕಾಲಿಟ್ಟವಳಲ್ಲ. ಮಗಳ ಹಳದಿ ಬಸ್ಸು ದಿನಾ ಅದರ ಮುಂದೆಯೇ ಹಾದು ದೂರದ ಶಾಲೆಗೆ ಹೋಗುತ್ತದೆ.

ಲೋಡು ಹೊತ್ತ ಟೆಂಪೋಗಳಿಗೆ ದಾರಿ ಬಿಟ್ಟು ಬಿಟ್ಟು ಮೇಷ್ಟ್ರಿಗೆ ಗೋಡೆಗೆ ಒತ್ತಿಕೊಂಡೇ ನಡೆಯುವ ನಡಿಗೆ ಅಂಟಿಬಿಟ್ಟಿದೆ. ಅದರಿಂದ ಅವರ ಬೂದಿಬಣ್ಣದ ಕೋಟಿನ ಎಡಭುಜಕ್ಕೆ ಸದಾ ಗೋಡೆಯ ಸುಣ್ಣ, ಬಲಜೇಬಿಗೆ ಸೀಮೆಸುಣ್ಣ. ಕರೆಗಂಟೆ ಒತ್ತುವವರಲ್ಲ. ಪಟ್ಟಿಯಲ್ಲಿರುವ ಹೆಸರುಗಳನ್ನು ಗೇಟಿನ ಬಳಿ ನಿಂತು ಒಂದೊಂದಾಗಿ ಕೂಗಿ, ತರಗತಿಯಲ್ಲಿ ಹಾಜರಿ ಕರೆದವರಂತೆ ಕಾಯುತ್ತಾರೆ. ಆ ದಿನ ತನ್ನ ಹೆಸರು ಕೇಳಿ ನನ್ನ ಮಗಳು ಕಂಬಳಿಯೊಳಗಿಂದಲೇ "ಪ್ರೆಸೆಂಟ್ ಸಾರ್" ಅಂದಳು. ಮೇಷ್ಟ್ರು ನಕ್ಕರು. "ಸದ್ಯ, ಇವತ್ತು ನನ್ನ ಕ್ಲಾಸಿಗೆ ಒಂದಾದ್ರೂ ಮಗು ಬಂತು."

ಸಮೀಕ್ಷೆಯ ವಿವರ ತುಂಬಿದ ಅವರ ಫೋನಿನಲ್ಲಿ ಸರ್ವರ್ ಸುತ್ತುತ್ತಲೇ ಇತ್ತು. ಒಳಬಂದು ಮೆಟ್ಟಿಲ ಮೇಲೆ ಕೂತರು. ಪಕ್ಕದ ಕಟ್ಟೆಯ ಮೇಲೆ ನಾನು ಬಿಟ್ಟೆದ್ದಿದ್ದ ಡೈರಿ ತೆರೆದೇ ಇತ್ತು. ಓದಲಿಲ್ಲ, ಅಕ್ಷರವನ್ನಷ್ಟೇ ನೋಡಿ, "ದುಂಡಗಿದೆ, ದೀರ್ಘ ಎಲ್ಲೂ ನುಂಗಿಲ್ಲ" ಎಂದು ಅಂಕ ಕೊಟ್ಟವರಂತೆ ತಲೆಯಾಡಿಸಿದರು. ನನಗೋ ಮನಸ್ಸಿಗೆ ಬಂದದ್ದನ್ನು ಕೇಳಿಬಿಡುವ ಚಾಳಿ. "ಮೇಷ್ಟ್ರೇ, ನಿಮ್ಮ ಶಾಲೆ ಮಕ್ಕಳಿಗೆ ಐದನೇ ಕ್ಲಾಸಾದ್ರೂ ಓದೋಕೆ ಬರಲ್ಲ ಅಂತಾರಲ್ಲ, ಯಾಕೆ?"

"ಐದು ಕ್ಲಾಸು, ಇಬ್ಬರು ಮೇಷ್ಟ್ರು ತಾಯಿ. ಅದ್ರಲ್ಲೊಬ್ಬ ಇಗೋ, ನಿಮ್ಮ ಮೆಟ್ಟಿಲ ಮೇಲೆ ಕೂತವ್ನೆ. ಇರ್ಲಿ, ಮುಂದಿನ ಸಾಲು."

ಈ 'ಮುಂದಿನ ಸಾಲು' ಅವರ ಬಾಯಿಗಂಟಿದ ಮಾತು. ಓದುವಾಗ ಎಡವಿದ ಮಗುವನ್ನು ಬೈಯದೆ ದಾಟಿಸುವುದಕ್ಕೆ ಕಲಿತ ಈ ಮಾತಿನಿಂದಲೇ ಅವರು ಮೇಲಧಿಕಾರಿಯ ಗದರಿಕೆಯನ್ನೂ ಮಂಡಿನೋವನ್ನೂ ದಾಟುತ್ತಾರೆ.

ಅವರ ಚೀಲದಲ್ಲಿ ಸಮೀಕ್ಷೆಯ ಕಾಗದಗಳ ಅಡಿ ಒಂದು ಪ್ಲಾಸ್ಟಿಕ್ ಕವರಿತ್ತು. ಅದರ ತುಂಬ ಹಳೆಯ ಪ್ರಶ್ನೆಪತ್ರಿಕೆಗಳ ಬೆನ್ನಿಗೆ ಬರೆದ ಚೀಟಿಗಳು. ಇಲ್ಲಿಯ ಕೂಲಿಯವರ ಮಕ್ಕಳು ಒಂದೇ ಶಾಲೆಯಲ್ಲಿ ನಿಲ್ಲುವುದಿಲ್ಲ. ಶೀಟಿನ ಮನೆ ಕೆಡವಿ ಓನರು ಮೂರಂತಸ್ತು ಎಬ್ಬಿಸಿದರೆ, ಅಪ್ಪನ ಕಾರ್ಖಾನೆ ಬಾಗಿಲು ಹಾಕಿದರೆ, ಸೋಮವಾರ ಆ ಮಗುವಿನ ಜಾಗ ಖಾಲಿ. ಒಂದು ಶಾಲೆಯಲ್ಲಿ ಪುಸ್ತಕದ ಮೊದಲ ಭಾಗ, ಇನ್ನೊಂದರಲ್ಲಿ ಕೊನೆಯದು. ನಡುವಿನ ಪಾಠ ಯಾರಿಗೂ ಸೇರಿದ್ದಲ್ಲ. ಅದಕ್ಕೇ ಮೇಷ್ಟ್ರು ಹೆಸರು ಗೊತ್ತಿಲ್ಲದ ಮುಂದಿನ ಶಾಲೆಯ ಮೇಷ್ಟ್ರಿಗೆ ಚೀಟಿ ಬರೆಯುತ್ತಾರೆ. 'ಕಾಗುಣಿತ ಮುಗಿದಿದೆ. ಎಡಗಣ್ಣು ಮಂಜು, ಮುಂದೆ ಕೂರಿಸಿ.' 'ಮನೆಮಾತು ತೆಲುಗು. ಪ್ರಶ್ನೆ ತಿಳಿಯುತ್ತದೆ, ಉತ್ತರ ತಡ. ಕಾಯಿರಿ.' 'ನೀರು ಹಿಡಿದಿಟ್ಟು ಬರಬೇಕು. ತಡವಾದರೆ ಹೊರಗೆ ನಿಲ್ಲಿಸಬೇಡಿ.' ಹೇಳಿ ಹೋಗುವವರ ಕೈಗೆ ಚೀಟಿ ಕೊಡುತ್ತಾರೆ. ಹೇಳದೆ ಹೋದವರದು ಕವರಿನಲ್ಲೇ ಉಳಿಯುತ್ತದೆ. ಪಾಠದ ಹೊತ್ತನ್ನೆಲ್ಲ ಕಿತ್ತುಕೊಂಡ ಈ ಸಮೀಕ್ಷೆಯಿಂದಲೇ ಅವರಿಗೆ ಗಲ್ಲಿಗಲ್ಲಿ ಹೊಕ್ಕು ಆ ಮಕ್ಕಳನ್ನು ಹುಡುಕುವ ನೆಪವೂ ಸಿಕ್ಕಿತ್ತು.

ಹಾಗೆ ಹುಡುಕುತ್ತ ಹಿಂದಿನ ಭಾನುವಾರ ನಮ್ಮ ಹಿಂದಿನ ಗಲ್ಲಿಯಲ್ಲಿ ಬಸಮ್ಮನ ಮನೆ ಮುಂದೆ ನಿಂತಿದ್ದರಂತೆ. ಯಾದಗಿರಿ ಕಡೆಯಿಂದ ಬಂದ ಬಸಮ್ಮ ಗಾರ್ಮೆಂಟ್ಸಿನಲ್ಲಿ ನೂಲು ಕತ್ತರಿಸುವವಳು. ಅವಳ ಮಗಳು ಯಮುನಾ ಹೋದ ವರ್ಷದವರೆಗೆ ಮೇಷ್ಟ್ರ ಐದನೇ ತರಗತಿಯಲ್ಲಿದ್ದಳು. ಅಲ್ಲಿರುವುದು ಐದರವರೆಗಷ್ಟೇ, ಆರನೆಯದಕ್ಕೆ ಬೇರೆ ಶಾಲೆ ಸೇರಬೇಕಿತ್ತು. "ಯಮುನಾ" ಎಂದು ಕೂಗಿದರು. ತರಗತಿಯಲ್ಲಿ ಹೆಸರು ಮುಗಿಯುವ ಮೊದಲೇ "ಬಂದೇನ್ರೀ ಸರ" ಎನ್ನುತ್ತಿದ್ದವಳು ಒಳಗೇ ಅಡಗಿ ಕೂತಳು. ಬಾಗಿಲ ಹಿಂದೆ ಅಳುತ್ತಿದ್ದ ತಮ್ಮನ ಬಾಯಿ ಮುಚ್ಚಿಸಿದ ಸದ್ದಷ್ಟೇ ಕೇಳಿತು.

"ಆಕಿ ಸಾಲಿಗೆ ಹೋಗಂಗಿಲ್ಲ ಅಂತಾಳ್ರಿ ಸರ," ಎಂದಳು ಬಸಮ್ಮ. "ಸಣ್ಣ ಹುಡುಗರ ನಡು ಕುಂದ್ರಾಕ ನಾಚ್ಕಿ ಬರ್ತೈತಂತ್ರಿ." ರೇಷನ್ ಕಾರ್ಡಿನ ಕವರಿನಿಂದ ಒಂದು ಚೀಟಿ ತೆಗೆದು ತೋರಿಸಿದಳು. ಮೇಷ್ಟ್ರದೇ ಅಕ್ಷರ. 'ಗಟ್ಟಿಯಾಗಿ ಓದುತ್ತಾಳೆ. ಒತ್ತಕ್ಷರ ತಪ್ಪುತ್ತಾಳೆ. ಭಾಗಾಕಾರ ಬರುವುದಿಲ್ಲ. ಇಂಗ್ಲಿಷ್ ಅಕ್ಷರಗಳೂ ಪೂರ್ತಿ ಬರುವುದಿಲ್ಲ.' ಹೊಸ ಶಾಲೆಯವರು ಅದನ್ನೋದಿ ಹನ್ನೊಂದು ವರ್ಷದ ಹುಡುಗಿಯನ್ನು ಎರಡನೇ ತರಗತಿಯ ಬೆಂಚಿಗೆ ಕಳಿಸಿದ್ದರು. ಮಕ್ಕಳು 'ಆಂಟಿ' ಎಂದು ಕರೆದರು. ಒಂದು ವಾರಕ್ಕೆ ಅವಳ ಓದು ನಿಂತಿತು.

"ಬರ್ದಿದ್ದೆಲ್ಲ ನಿಜಾನೇ ತಾಯಿ. ಒಳ್ಳೇದಾಗ್ಲಿ ಅಂತ್ಲೇ ಬರ್ದೆ," ಎಂದರು ಮೇಷ್ಟ್ರು ನನ್ನತ್ತ ತಿರುಗಿ. "ಇನ್ನೆರಡು ವರ್ಷ ಹಿಂಗೇ ಮನೇಲಿದ್ರೆ ಅವಳ ಕೈಗೂ ಕತ್ತರಿ ಕೊಟ್ಬಿಡ್ತಾರೆ." ಮುಂದಿನ ಸಾಲು ಎನ್ನುತ್ತಾರೆಂದು ನಾನು ಕಾದೆ. ಅದರ ಬದಲು ಕವರು ಬಿಚ್ಚಿ ತೋರಿಸಿದರು. ಕವರಿನ ಚೀಟಿಗಳನ್ನೆಲ್ಲ ಆ ಭಾನುವಾರವೇ ತಿದ್ದಿದ್ದರು. 'ಬರುವುದಿಲ್ಲ' ಎಂಬ ಕಡೆಯೆಲ್ಲ ಕಪ್ಪು ಗೀಟು.

ಹಿಡಿದ ಮಗುವನ್ನು ಓದಿಸಿ ದಡ ಸೇರಿಸಿದೆನೆಂಬ ತೃಪ್ತಿ ಇಂಥ ಮೇಷ್ಟ್ರುಗಳಿಗೆ ಸಿಕ್ಕುವುದೇ ಅಪರೂಪ. ಅವರ ಪಾಲಿಗೆ ಬರುವುದು ಮತ್ತೊಬ್ಬರು ಶುರುಮಾಡಿ ಮತ್ತೊಬ್ಬರು ಮುಗಿಸಬೇಕಾದ ಪುಸ್ತಕದ ನಡುವಿನ ನಾಲ್ಕು ಪುಟ. ಫಲಿತಾಂಶ ಕೆಟ್ಟರೆ ಎಲ್ಲರೂ ಅವರನ್ನು ಕೇಳುತ್ತಾರೆ, ನಾನು ಕೇಳಿದ ಹಾಗೆ. ಹುಡುಗಿ ಎಲ್ಲಿ ಹೋದಳೆಂದು ಕೇಳುವವರು ಮಾತ್ರ ಅವರೊಬ್ಬರೇ, ಅದೂ ಗೇಟಿನಾಚೆ ನಿಂತು.

ಅಷ್ಟರಲ್ಲಿ ಫೋನು ಕುಂಯ್‌ಗುಟ್ಟಿತು. ನಮ್ಮ ಮನೆ ಸಮೀಕ್ಷೆಗೆ ಸೇರಿತು. ಮೇಷ್ಟ್ರು ಎದ್ದವರು ಹೊರಡಲಿಲ್ಲ. ಮತ್ತೆ ನನ್ನ ಡೈರಿಯ ಕಡೆ ನೋಡಿದರು.

"ಇದು ನನ್ನ ಕಡೇ ತಿಂಗಳು, ನಿವೃತ್ತಿ. ನಿಮ್ಮಿಂದ ಒಂದು ಉಪಕಾರ ಆಗ್ಬೇಕು ತಾಯಿ. ಹಿಂದಿನ ಗಲ್ಲಿಗೆ ಹೋಗಿ ಯಮುನಾ ಹತ್ರ ಸ್ವಲ್ಪ ಕೂತ್ಕೊಳ್ಳಿ. ಒಂದು ಪುಟ ಓದ್ಸಿ. ಏನೇನು ಬರತ್ತೋ ಅಷ್ಟನ್ನೇ ಬರೀರಿ, ನಿಮ್ಮ ಅಕ್ಷರದಲ್ಲೇ. ಶಾಲೆಯವರಿಗೆ ಆಮೇಲೆ, ಮೊದ್ಲು ಅವಳ ಕೈಗೆ ಕೊಡಿ. ನನ್ನ ಅಕ್ಷರ ಕಂಡ್ರೆ ಆ ಮಗು ಓದಲ್ಲ."